ಪೈಲ್ಸ್ ಆಪರೇಷನ್ ಆದ ಮೇಲೆ ರಕ್ತ: ಯಾವುದು ಸಹಜ, ಯಾವಾಗ ದವಾಖಾನೆಗೆ ಓಡಬೇಕು?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಶುಗರ್, ಬಿಪಿ ಎರಡೂ ಇವೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೇವೆ, ಆಸ್ಪಿರಿನ್ ಗುಳಿಗೆ ನಡೆದಿದೆ. ಐದು ದಿನದ ಹಿಂದೆ ಕಲಬುರಗಿಯಲ್ಲಿ ಪೈಲ್ಸ್ ಆಪರೇಷನ್ ಆಯಿತು. ಹೊಲಿಗೆ ಹಾಕದೆ ಗಾಯ ಹಾಗೇ ಬಿಟ್ಟಿದ್ದಾರೆ. ಮರುದಿನವೇ ಡಿಸ್ಚಾರ್ಜ್ ಮಾಡಿದರು, ಈಗ ಚಿಂಚೋಳಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದಾರೆ. ಸಂಡಾಸಿಗೆ ಹೋದಾಗ ರಕ್ತ ಬೀಳುತ್ತದೆ. ನೋವಿಗೆ ಹೆದರಿ ಊಟ ಬಿಟ್ಟಿದ್ದಾರೆ, ಎರಡು ದಿನದಿಂದ ಸಂಡಾಸ ಆಗಿಲ್ಲ. ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಷ್ಟು ರಕ್ತ ಹೋದರೆ ಹೆದರಬೇಕು? ಏನು ಮಾಡಬೇಕು, ಏನು ಮಾಡಬಾರದು?

ಉತ್ತರ: ಮೊದಲು ಇವತ್ತಿನ ಕೆಲಸ ಹೇಳುತ್ತೇನೆ. ತಂದೆಯವರಿಗೆ ಈಗಲೇ ಊಟ ಕೊಡಿ, ನೀರು ಕುಡಿಸಿ. ಮಲ ಮೆತ್ತಗಾಗುವ ಔಷಧ ಬರೆದುಕೊಟ್ಟಿದ್ದರೆ ಇಂದು ರಾತ್ರಿಯಿಂದಲೇ ತಪ್ಪದೆ ಶುರು ಮಾಡಿ. ನಾಳೆ ಸಂಜೆಯೊಳಗೆ ಸಂಡಾಸ ಆಗದಿದ್ದರೆ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ಊಟ ಬಿಟ್ಟ ಮಾತ್ರಕ್ಕೆ ಮಲ ತಯಾರಾಗುವುದು ನಿಲ್ಲುವುದಿಲ್ಲ. ಅದು ಕರುಳಿನಲ್ಲೇ ಕೂತು, ನೀರಿನಂಶ ಹೀರಿಹೋಗಿ ಗಟ್ಟಿಯಾಗುತ್ತದೆ. ಇವತ್ತು ಮೆತ್ತಗೆ ಬರಬೇಕಿದ್ದದ್ದು ನಾಡಿದ್ದು ಗಟ್ಟಿ ಉಂಡೆಯಾಗಿ ಹಸಿ ಗಾಯವನ್ನು ಸೀಳಿಕೊಂಡು ಬರುತ್ತದೆ. ಆಗ ನೋವೂ ಹೆಚ್ಚು, ರಕ್ತವೂ ಹೆಚ್ಚು. ಆ ನೋವಿಗೆ ಹೆದರಿ ರೋಗಿ ಮತ್ತೆ ಊಟ ಬಿಡುತ್ತಾರೆ. ಆಪರೇಷನ್ ಚೆನ್ನಾಗಿ ಆಗಿದ್ದರೂ ಮನೆಯಲ್ಲಿ ಕೆಡುವುದು ಹೆಚ್ಚಾಗಿ ಹೀಗೇ. ಇನ್ನೊಂದು ಮಾತು: ಶುಗರಿನ ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ತಲೆ ತಿರುಗಿ ಬೀಳಬಹುದು. ಅದನ್ನು ಮನೆಯವರು ರಕ್ತ ಹೋಗಿದ್ದರಿಂದಲೇ ಆಯಿತೆಂದು ತಿಳಿಯುತ್ತಾರೆ.

ಇನ್ನು ನೀವು ಕೇಳಿದ ರಕ್ತದ ಮಾತು. ನೆನಪಿಡಬೇಕಾದ ಸೂತ್ರ ಒಂದೇ: ಆಪರೇಷನ್ ಆದ ಮೇಲೆ ನೋವು, ರಕ್ತ, ಊತ ಮೂರೂ ದಿನದಿಂದ ದಿನಕ್ಕೆ ಇಳಿಯುತ್ತ ಹೋಗಬೇಕು. ಒಮ್ಮೆ ಇಳಿದದ್ದು ಮತ್ತೆ ಏರಿದರೆ, ಅದು ಎಷ್ಟನೇ ದಿನವೇ ಇರಲಿ, ಕಾರಣ ಹುಡುಕಲೇಬೇಕು.

ಗಾಯಕ್ಕೆ ಹೊಲಿಗೆ ಹಾಕದೆ ಬಿಟ್ಟಿದ್ದಾರೆಂದು ಗಾಬರಿ ಬೇಡ. ಗಂಟನ್ನು ಕತ್ತರಿಸಿ, ಅದರ ಬುಡದ ರಕ್ತನಾಳವನ್ನು ದಾರದಿಂದ ಕಟ್ಟಿ, ಹೊರಗಿನ ಗಾಯವನ್ನು ತೆರೆದೇ ಬಿಡುವುದು ಬಹಳ ಹಳೆಯ, ಇಂದಿಗೂ ಎಲ್ಲ ಕಡೆ ನಡೆದಿರುವ ಪದ್ಧತಿ. ಒಳಗೆ ಕೀವು, ನೀರು ಕಟ್ಟಿಕೊಳ್ಳದೆ ಹರಿದುಹೋಗಲಿ ಎಂಬುದೇ ಅದರ ಉದ್ದೇಶ. ಇಂಥ ಗಾಯ ತಳದಿಂದ ತುಂಬಿಕೊಂಡು ಬರಲು 4ರಿಂದ 6 ವಾರ ಬೇಕು, ಶುಗರ್ ಇದ್ದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ತಿಳಿ ಹಳದಿ ನೀರು ಸೋರುವುದು, ಒಳಚಡ್ಡಿಗೆ ಸ್ವಲ್ಪ ಕಲೆಯಾಗುವುದು, ಸಂಡಾಸಿನ ಜೊತೆ ನಾಲ್ಕಾರು ಹನಿ ಕೆಂಪು ರಕ್ತ ಬೀಳುವುದು, ಗುದದ ಸುತ್ತ ಚರ್ಮ ಉಬ್ಬಿರುವುದು ಎಲ್ಲವೂ ಸಹಜ. ಒಂದೆರಡು ವಾರದಲ್ಲಿ ದಾರದ ತುಂಡು ಉದುರಿ ಬೀಳಬಹುದು. ಅದು ತಾನೇ ಕರಗುವ, ಕಳಚುವ ದಾರ, ಹೊಲಿಗೆ ಬಿಚ್ಚಿಹೋಯಿತೆಂದು ತಿಳಿಯಬೇಡಿ. ಬೀಳದೆ ತೂಗಾಡುತ್ತಿದ್ದರೆ ಎಳೆಯಲೂ ಬೇಡಿ.

ರಕ್ತ ಎಷ್ಟೆಂದು ಅಳೆಯುವುದು

ಸಂಡಾಸಿನ ಕುಣಿಯಲ್ಲಿ ಕಂಡ ರಕ್ತವನ್ನು ನೋಡಿ ಲೆಕ್ಕ ಹಾಕಬೇಡಿ. ಒಂದು ಚಮಚ ರಕ್ತ ಬಿದ್ದರೂ ಅಲ್ಲಿದ್ದ ನೀರೆಲ್ಲ ಕೆಂಪಾಗುತ್ತದೆ. ಹೀಗೆ ಮಾಡಿ: ಸಂಡಾಸ ಆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯನ್ನು ನಾಲ್ಕು ಪದರ ಮಡಚಿ ಇಡಿ. ಅಂಗಡಿಯ ಸ್ಯಾನಿಟರಿ ಪ್ಯಾಡ್ ಇನ್ನೂ ಅನುಕೂಲ, ಗಂಡಸರೂ ಸಂಕೋಚವಿಲ್ಲದೆ ಬಳಸಬಹುದು. ಅರ್ಧ ತಾಸು ಮಲಗಿಸಿ ಆಮೇಲೆ ತೆಗೆದು ನೋಡಿ. ನಾಣ್ಯದಷ್ಟು ಕಲೆ, ಅಂಗೈಯಷ್ಟು ತಿಳಿಗೆಂಪು ಕಲೆ ಇದ್ದರೆ ಚಿಂತೆಯಿಲ್ಲ. ಒಂದು ತಾಸಿನೊಳಗೆ ಪ್ಯಾಡ್ ಪೂರ್ತಿ ನೆನೆದರೆ, ಅಥವಾ ಸಂಡಾಸಿಗೆ ಹೋಗದಿದ್ದಾಗಲೂ ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ ಹೊರಡುವ ಸಮಯ ಬಂತೆಂದೇ ತಿಳಿಯಿರಿ.

ಹೊರಗೆ ಕಾಣದ ರಕ್ತಸ್ರಾವ ಇದಕ್ಕಿಂತ ಮೋಸದ್ದು. ದಾರ ಕಟ್ಟಿದ ಬುಡ ಗುದದ್ವಾರದಿಂದ ಮೇಲೆ, ಒಳಗಿರುತ್ತದೆ. ಅಲ್ಲಿ ರಕ್ತ ಒಸರಿದರೆ ಹೊರಗೆ ಬರದೆ ಮಲಾಶಯದಲ್ಲೇ ತುಂಬಿಕೊಳ್ಳುತ್ತದೆ. ರೋಗಿಗೆ ಸಂಡಾಸಿಗೆ ಹೋಗಬೇಕು ಅನಿಸುತ್ತದೆ. ಹೋಗಿ ಕೂತರೆ ಮಲವಿಲ್ಲ, ಗಡ್ಡೆಗಟ್ಟಿದ ಕಪ್ಪುಗೆಂಪು ರಕ್ತ ಬೀಳುತ್ತದೆ. ಅರ್ಧ ತಾಸಿಗೆ ಮತ್ತೆ ಹಾಗೇ ಆಗುತ್ತದೆ. ಎರಡನೇ ಸಲಕ್ಕೆ ಕಾಯದೆ ಹೊರಡಿ. ಅದರ ಜೊತೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ತಣ್ಣನೆ ಬೆವರು, ಬಾಯಿ ಒಣಗುವುದು, ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 100 ದಾಟುವುದು, ಇವು ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂಬುದರ ಗುರುತು. ನಿಮ್ಮ ತಂದೆಯವರ ವಿಷಯದಲ್ಲಿ ಒಂದು ಎಚ್ಚರಿಕೆ: ಹೃದಯಕ್ಕೋ ಬಿಪಿಗೋ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಗುಳಿಗೆ ತೆಗೆದುಕೊಳ್ಳುವವರ ನಾಡಿ ರಕ್ತ ಹೋದರೂ ಅಷ್ಟಾಗಿ ಏರುವುದಿಲ್ಲ. ಅವರಲ್ಲಿ ನಾಡಿ 80 ಇದೆಯೆಂದು ನೆಮ್ಮದಿಯಾಗಿ ಕೂರಬಾರದು, ಬೆವರು ಮತ್ತು ಸುಸ್ತನ್ನು ನೋಡಬೇಕು.

ದಿನಗಳ ಲೆಕ್ಕವೂ ಗೊತ್ತಿರಲಿ. ಆಪರೇಷನ್ ಆದ ಮೊದಲ 24ರಿಂದ 48 ತಾಸಿನ ರಕ್ತಸ್ರಾವಕ್ಕೆ ಸಾಮಾನ್ಯವಾಗಿ ಕಾರಣ ದಾರ ಸಡಿಲಾಗಿದ್ದು ಅಥವಾ ಸಣ್ಣ ನಾಳವೊಂದು ಬಿಚ್ಚಿಕೊಂಡದ್ದು. ಆ ಗಂಡಾಂತರವನ್ನು ನೀವು ದಾಟಿದ್ದೀರಿ. ಎರಡನೇ ಗಂಡಾಂತರ ಮುಂದಿದೆ, ಸುಮಾರು 5ರಿಂದ 14ನೇ ದಿನದೊಳಗೆ, ಹೆಚ್ಚಾಗಿ ಮೊದಲ ವಾರ ಮುಗಿದು ಎರಡನೆಯದು ಶುರುವಾಗುವ ಹೊತ್ತಿಗೆ. ದಾರ ಕಟ್ಟಿದ ಬುಡದ ಸತ್ತ ಭಾಗ ಆಗ ಕಳಚಿ ಬೀಳುತ್ತದೆ. ಕೆಳಗಿನ ಗಾಯ ಅಷ್ಟರೊಳಗೆ ಕೂಡಿಕೊಂಡಿರದಿದ್ದರೆ, ಅಲ್ಲಿ ಸೋಂಕಿದ್ದರೆ, ಅಥವಾ ಸಂಡಾಸಿಗೆ ಕೂತು ಮುಕ್ಕಿದ್ದರೆ ನಾಳ ಬಾಯಿ ತೆರೆಯುತ್ತದೆ. ಇದು ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ ಅಷ್ಟೇ. ಆದರೆ ಆಗುವುದು ಎಲ್ಲರೂ ಮೈಮರೆತಿರುವ ಹೊತ್ತಿನಲ್ಲಿ: ನೋವು ಇಳಿದಿರುತ್ತದೆ, ಗುಳಿಗೆ ಮುಗಿದಿರುತ್ತವೆ, ಗಾಡಿ ಹತ್ತಿ ಹೊಲಕ್ಕೆ ಹೋಗಿ ಬಂದಿರುತ್ತಾರೆ, ದವಾಖಾನೆ ದೂರ ಉಳಿದಿರುತ್ತದೆ. ಹಾಗಾಗಿ 14 ದಿನ ಮುಗಿಯುವವರೆಗೆ ಮದುವೆ, ಜಾತ್ರೆ, ದೂರದ ಪ್ರಯಾಣ ಬೇಡ. ಮನೆಯಲ್ಲಿ ಒಬ್ಬರೇ ಇರುವುದೂ ಬೇಡ.

ಆಸ್ಪಿರಿನ್ ವಿಷಯದಲ್ಲಿ ನೆಂಟರು "ರಕ್ತ ಹೋಗುತ್ತದೆ, ಮೊದಲು ಆ ಗುಳಿಗೆ ನಿಲ್ಲಿಸಿ" ಎನ್ನುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಆಗುವುದು ಹೃದಯಾಘಾತ, ಗುದದ ರಕ್ತಸ್ರಾವಕ್ಕಿಂತ ಅದು ದೊಡ್ಡ ಅಪಾಯ. ಆಸ್ಪಿರಿನ್ ಜೊತೆಗೆ ರಕ್ತ ತೆಳುವಾಗಿಸುವ ಕ್ಲೋಪಿಡೋಗ್ರೆಲ್ ಅಥವಾ ವಾರ್ಫರಿನ್ ಕೂಡ ಇತ್ತೇ, ಆಪರೇಷನ್‌ಗೆ ಮುಂಚೆ ನಿಲ್ಲಿಸಿದ್ದರೇ, ಮತ್ತೆ ಯಾವ ದಿನ ಶುರು ಮಾಡಲು ಹೇಳಿದ್ದಾರೆ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಬರೆದಿಲ್ಲದಿದ್ದರೆ ಇವತ್ತೇ ಫೋನ್ ಮಾಡಿ ಕೇಳಿ. ರಕ್ತ ನಿಲ್ಲಲೆಂದು ಮೆಡಿಕಲ್ ಅಂಗಡಿಯಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ ತಂದು ಕೊಡುವವರಿದ್ದಾರೆ. ಸ್ಟೆಂಟ್ ಇದ್ದವರಿಗೆ ಅದನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು.

ಹಳ್ಳಿಯಲ್ಲಿದ್ದಾಗ ಜೋರಾಗಿ ರಕ್ತ ಬಂದರೆ

ಮಲಗಿಸಿ, ಕೂರಿಸಬೇಡಿ, ನಡೆಸಬೇಡಿ. ಎಡಗಡೆಗೆ ಹೊರಳಿಸಿ, ಮಡಚಿದ ಶುಭ್ರ ಬಟ್ಟೆಯನ್ನು ಗುದದ್ವಾರಕ್ಕೆ ಇಟ್ಟು ಅಂಗೈಯಿಂದ 10ರಿಂದ 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡುತ್ತ ಕೂತರೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಕಿತ್ತು ಬರುತ್ತದೆ. ಬಟ್ಟೆಯನ್ನಾಗಲಿ, ಬೆರಳನ್ನಾಗಲಿ ಒಳಗೆ ತುರುಕಬೇಡಿ. ತಿನ್ನಲು ಕುಡಿಯಲು ಏನೂ ಕೊಡಬೇಡಿ, ಅರಿವಳಿಕೆ ಕೊಟ್ಟು ಮತ್ತೆ ನೋಡಬೇಕಾಗಬಹುದು. ಆ ಹೊತ್ತಿನ ಶುಗರ್ ಗುಳಿಗೆಯನ್ನೂ ಕೊಡದೆ, ಕೊನೆಯ ಊಟ ಎಷ್ಟೊತ್ತಿಗೆ ಆಯಿತೆಂದು ದವಾಖಾನೆಯಲ್ಲಿ ಹೇಳಿ.

108ಕ್ಕೆ ಫೋನ್ ಮಾಡಿ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದು ಬೇಡ, ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಹಿಡಿಯಲಾಗುವುದಿಲ್ಲ. ಚಿಂಚೋಳಿಯಿಂದ ಕಲಬುರಗಿ ಹತ್ತಿರದ ಊರಲ್ಲ. ರೋಗಿ ಬೆವರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಮೊದಲು ತಾಲ್ಲೂಕು ಆಸ್ಪತ್ರೆಗೆ ಒಯ್ದು ಕೈಗೆ ಸೂಜಿ ಹಾಕಿಸಿ ಸಲೈನ್ ಶುರು ಮಾಡಿಸಿಕೊಂಡೇ ಮುಂದಕ್ಕೆ ಹೋಗಿ. ಆಪರೇಷನ್ ಆದ ದವಾಖಾನೆಯಲ್ಲಿ ರಾತ್ರಿ ಸರ್ಜನ್ ಇರುತ್ತಾರೋ ಇಲ್ಲವೋ ಎಂದು ಹೊರಡುವಾಗಲೇ ಫೋನಿನಲ್ಲಿ ಕೇಳಿ. ಇಲ್ಲವೆಂದರೆ ಅಲ್ಲಿಗೆ ಹೋಗಿ ಹೊತ್ತು ಕಳೆಯದೆ ನೇರವಾಗಿ ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ದವಾಖಾನೆಯ ತುರ್ತು ವಿಭಾಗಕ್ಕೆ ಹೋಗಿ. ಬೀದರ್ ಕಡೆಯವರಿಗೆ ಬ್ರಿಮ್ಸ್ ಇದೆ, ಯಾದಗಿರಿಯವರಿಗೆ ಅಲ್ಲಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಡಿಸ್ಚಾರ್ಜ್ ಚೀಟಿಯ ಎರಡೂ ಮಗ್ಗುಲಿನ ಫೋಟೋ, ತೆಗೆದುಕೊಳ್ಳುವ ಎಲ್ಲ ಗುಳಿಗೆಗಳ ಫೋಟೋ, ರಕ್ತದ ಗುಂಪು ಇವನ್ನು ಇವತ್ತೇ ಮನೆಯ ಇಬ್ಬರ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಹೋದರೆ ಒಳ್ಳೆಯದು.

ದವಾಖಾನೆಯಲ್ಲಿ ಮಾಡುವುದು ಇಷ್ಟು: ಅರಿವಳಿಕೆ ಕೊಟ್ಟು ಒಳಗೆ ನೋಡಿ, ಒಸರುವ ಜಾಗಕ್ಕೆ ಹೊಲಿಗೆ ಹಾಕುತ್ತಾರೆ, ಅಥವಾ ಸ್ವಲ್ಪ ಹೊತ್ತು ಒತ್ತಿ ಹಿಡಿಯುವಂಥ ಪ್ಯಾಕ್ ಇಡುತ್ತಾರೆ. ಹೊತ್ತಿಗೆ ಸರಿಯಾಗಿ ತಲುಪಿದವರಲ್ಲಿ ಇದು ಸುಲಭವಾಗಿ ಹತೋಟಿಗೆ ಬರುತ್ತದೆ.

ಮಲ, ನೀರು, ಊಟ

ಮಲ ಕಳಿತ ಬಾಳೆಹಣ್ಣಿನ ಹದದಲ್ಲಿ, ದಿನಕ್ಕೆ ಒಂದೆರಡು ಸಲ ಬರಬೇಕು. ಗಟ್ಟಿಯೂ ಬೇಡ, ನೀರಾಗಿಯೂ ಬೇಡ. ನೀರಾದ ಮಲ ಗಾಯಕ್ಕೆ ಉರಿ ತರುತ್ತದೆ. ಅಷ್ಟೇ ಅಲ್ಲ, ಗಾಯ ಮಾಯುವಾಗ ಗುದದ್ವಾರ ಕುಗ್ಗದಂತೆ ಹಿಗ್ಗಿಸುವುದೇ ಮೆತ್ತಗಿನ, ಆಕಾರವಿರುವ ಮಲ. ವಾರಗಟ್ಟಲೆ ಭೇದಿ ಮಾಡಿಸಿಕೊಂಡೇ ಇರುವವರಲ್ಲಿ ದ್ವಾರ ಕಿರಿದಾಗುವ ಸಾಧ್ಯತೆ ಹೆಚ್ಚು.

ಇಸಬ್ಗೋಲ್ ಹೊಟ್ಟು ಎಲ್ಲ ಊರಲ್ಲೂ ಸಿಗುತ್ತದೆ, ಸರಿಯಾಗಿ ಕುಡಿಯುವವರು ಮಾತ್ರ ಕಡಿಮೆ. ಎರಡು ಟೀ ಚಮಚ ಹೊಟ್ಟನ್ನು ತುಂಬಿದ ಒಂದು ಲೋಟ ನೀರಿಗೆ, ಅಂದರೆ ಸುಮಾರು 250 ಮಿಲಿಗೆ, ಹಾಕಿ ಕಲಕಿ ತಕ್ಷಣ ಕುಡಿಯಬೇಕು. ಅದು ಗಂಜಿಯಂತೆ ದಪ್ಪಗಾಗುವವರೆಗೆ ಬಿಡಬಾರದು. ಕೂಡಲೇ ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಇಸಬ್ಗೋಲ್ ಕರುಳಿನಲ್ಲೇ ಗಟ್ಟಿ ಕಟ್ಟಿ ಉಲ್ಟಾ ಕೆಲಸ ಮಾಡುತ್ತದೆ. ಒಂದು ಚಮಚ ಪುಡಿ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದರೆ ಆಗುವುದು ಇದೇ. ಡಾಕ್ಟರು ಲ್ಯಾಕ್ಟುಲೋಸ್ ಬರೆದಿದ್ದರೆ ರಾತ್ರಿ 15ರಿಂದ 30 ಮಿಲಿ ರೂಢಿಯ ಪ್ರಮಾಣ, ಅದು ಹಿಡಿಯಲು ಒಂದೆರಡು ದಿನ ಬೇಕು. ಲ್ಯಾಕ್ಟುಲೋಸ್ ಸಿರಪ್ ಸಿಹಿ, ಶುಗರ್ ಇದ್ದವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಆಗಬಹುದೇ ಎಂದು ಕೇಳಿ ನೋಡಿ. ದಿನಕ್ಕೆ ಮೂರಕ್ಕಿಂತ ಹೆಚ್ಚು ಸಲ ತೆಳ್ಳಗೆ ಆಗತೊಡಗಿದರೆ ಪ್ರಮಾಣ ಇಳಿಸಿ, ಒಮ್ಮೆಲೇ ಬಿಡಬೇಡಿ. ಎನಿಮಾ ಮನೆಯಲ್ಲಿ ಕೊಡಬೇಡಿ, ಅದರ ನಳಿಕೆ ಹಸಿ ಗಾಯಕ್ಕೆ ಚುಚ್ಚಿ ತೂತು ಮಾಡಬಹುದು.

ಮೂರು ನಾಲ್ಕು ದಿನ ಏನೂ ಆಗದೆ, ಆಮೇಲೆ ಇದ್ದಕ್ಕಿದ್ದಂತೆ ನೀರಿನಂಥ ಮಲ ಹನಿಹನಿಯಾಗಿ ಸೋರತೊಡಗಿದರೆ, ಜೊತೆಗೆ ಕೆಳಗೆ ಏನೋ ತುಂಬಿಕೊಂಡಂತೆ ಭಾರ ಇದ್ದರೆ ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಗುಳಿಗೆ ಕೊಡಬೇಡಿ. ಒಳಗೆ ಗಟ್ಟಿ ಮಲ ಬಿರಡೆಯಾಗಿ ಕೂತಿದೆ, ಅದರ ಪಕ್ಕದಿಂದ ನೀರು ಜಾರಿ ಬರುತ್ತಿದೆ ಎಂದೇ ಅರ್ಥ. ದವಾಖಾನೆಯಲ್ಲಿ ತೆಗೆಸಬೇಕಾಗುತ್ತದೆ.

ಊಟದಲ್ಲಿ ನಮ್ಮ ಭಾಗದವರು ಅದೃಷ್ಟವಂತರು. ಜೋಳದ ಹಿಟ್ಟಿನಲ್ಲಿ 100 ಗ್ರಾಮಿಗೆ ಹತ್ತು ಗ್ರಾಮಿನಷ್ಟು ನಾರು ಇದೆ, ತೊಗರಿಬೇಳೆಯಲ್ಲಿ ಒಂಬತ್ತರ ಆಸುಪಾಸು. ಬಿಸಿ ಮೆತ್ತನೆ ರೊಟ್ಟಿ, ಖಾರ ಇಲ್ಲದ ಬೇಳೆ, ಮೆಂತ್ಯ ಸೊಪ್ಪು, ರಾಜಗಿರಿ ಸೊಪ್ಪು, ಹೀರೇಕಾಯಿ, ಸೌತೆಕಾಯಿ, ಅಂಬಲಿ, ಮಜ್ಜಿಗೆ ಎಲ್ಲ ನಡೆಯುತ್ತದೆ. "ಆಪರೇಷನ್ ಆಗಿದೆ, ಬರೀ ಬಿಳಿ ಅನ್ನ ಕೊಡಿ" ಎಂದು ಹಿರಿಯರು ಹೇಳಿದರೆ ಒಪ್ಪಬೇಡಿ, ಬರೀ ಅನ್ನ-ಹಾಲಿನಲ್ಲಿ ನಾರು ಇಲ್ಲವೆಂದೇ ಹೇಳಬೇಕು. ಕಡಕ್ ರೊಟ್ಟಿ ತಿನ್ನುವುದಾದರೆ ಬೇಳೆಯಲ್ಲೋ ಮಜ್ಜಿಗೆಯಲ್ಲೋ ನೆನೆಸಿ ತಿನ್ನಲಿ. ಪಪ್ಪಾಯಿ, ಪೇರಲ ಶುಗರ್ ನೋಡಿಕೊಂಡು ಮಿತವಾಗಿ. ಬಿಡಬೇಕಾದದ್ದು ಖಾರ: ಕೆಂಪು ಖಾರದ ಉರಿಯ ಅಂಶ ಪೂರ್ತಿ ಜೀರ್ಣವಾಗದೆ ಮಲದೊಂದಿಗೆ ಬಂದು ಹಸಿ ಗಾಯವನ್ನು ಸುಡುತ್ತದೆ. ಶೇಂಗಾ ಹಿಂಡಿ, ಮಿರ್ಚಿ ಭಜಿ, ಖಾರದ ಎಣ್ಣೆಗಾಯಿ ಒಂದು ತಿಂಗಳು ಬೇಡ. ಪುಂಡಿ ಪಲ್ಯವನ್ನು ಹಸಿಮೆಣಸಿನಕಾಯಿ ಕಡಿಮೆ ಹಾಕಿ ಮಾಡಿದರೆ ತಿನ್ನಬಹುದು.

ನೀರು ದಿನಕ್ಕೆ ಎರಡೂವರೆ, ಮೂರು ಲೀಟರ್ ಹೋಗಬೇಕು. ನಮ್ಮ ಕಡೆ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ, ಬೆವರಿನಲ್ಲಿ ಹೋದ ನೀರು ಮಲಕ್ಕೆ ಉಳಿಯುವುದಿಲ್ಲ. ಮೂತ್ರ ತಿಳಿ ಬಣ್ಣದಲ್ಲಿದ್ದರೆ ನೀರು ಸಾಕಾಗಿದೆ. ಹೃದಯದ ಪಂಪಿಂಗ್ ಕಡಿಮೆ ಎಂದೋ ಕಿಡ್ನಿ ತೊಂದರೆ ಎಂದೋ ನೀರಿಗೆ ಮಿತಿ ಹಾಕಿದ್ದರೆ ಮಾತ್ರ ಆ ಡಾಕ್ಟರ ಮಾತೇ ನಡೆಯಬೇಕು.

ಸಂಡಾಸಿಗೆ ಒತ್ತಡ ಬಂದಾಗ ತಡೆಯಬಾರದು. ಬಂದಿಲ್ಲದಾಗ ಹೋಗಿ ಮುಕ್ಕಬಾರದು. ಐದು ನಿಮಿಷಕ್ಕಿಂತ ಹೆಚ್ಚು ಕೂರಬಾರದು, ಮೊಬೈಲ್ ಹೊರಗೇ ಇರಲಿ. ದೇಶಿ ಸಂಡಾಸು ಒಳ್ಳೆಯದೇ. ಮಂಡಿ ನೋವಿದ್ದವರು ಕಮೋಡ್ ಬಳಸಿದರೆ ಕಾಲಿನ ಕೆಳಗೆ ಗೇಣುದ್ದ ಎತ್ತರದ ಮಣೆ ಇಟ್ಟುಕೊಳ್ಳಲಿ. ಮನೆಯಲ್ಲಿ ಸಂಡಾಸಿಲ್ಲದ ಕಡೆ ಹೆಣ್ಣುಮಕ್ಕಳು ಕತ್ತಲಾಗುವವರೆಗೆ ತಡೆದುಕೊಳ್ಳುತ್ತಾರೆ. ಆಪರೇಷನ್ ಆದವರಿಗೆ ಅದು ನೇರ ಕೇಡು. ಇಂಥ ಮನೆಯವರು ಆರು ವಾರದ ಮಟ್ಟಿಗಾದರೂ ಸಂಡಾಸಿರುವ ನೆಂಟರ ಮನೆಯಲ್ಲಿ ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಬೆಚ್ಚಗಿನ ನೀರು ಮತ್ತು ನೋವಿನ ಗುಳಿಗೆ

ಬಿಸಿನೀರಿನಲ್ಲಿ ಕೂರುವುದರಿಂದ ಗುದದ ಸ್ನಾಯು ಸಡಿಲಾಗುತ್ತದೆ. ನೋವಿನ ದೊಡ್ಡ ಪಾಲು ಗಾಯದ್ದಲ್ಲ, ಆ ಸ್ನಾಯು ಸೆಟೆದುಕೊಂಡದ್ದರದು. ಅಗಲ ಬಾಯಿಯ ಪ್ಲಾಸ್ಟಿಕ್ ಟಬ್ಬಿನಲ್ಲಿ ನಾಲ್ಕು ಬೆರಳು ನೀರು ಸಾಕು, ಮೊಣಕೈ ಅದ್ದಿದರೆ ಹಿತವಾಗಿ ಬೆಚ್ಚಗಿರಬೇಕು. ಶುಗರ್ ಇದ್ದವರಿಗೆ ಬಿಸಿ ಸರಿಯಾಗಿ ತಿಳಿಯದು, ಅವರೇ ನೋಡಿಕೊಳ್ಳದೆ ಮನೆಯವರು ಮೊಣಕೈ ಅದ್ದಿ ನೋಡಿ. 10ರಿಂದ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಸಂಡಾಸ ಆದ ಮೇಲೆ ತಪ್ಪದೆ. ನೆಲದ ಟಬ್ಬಿನಿಂದ ಏಳುವುದು ಕಷ್ಟ, ಕೈಗೆ ಆಸರೆಯಾಗಿ ಭಾರದ ಕುರ್ಚಿ ಪಕ್ಕದಲ್ಲಿರಲಿ, ಏಳುವಾಗ ತಲೆ ಸುತ್ತಬಹುದು. ಕಮೋಡಿನ ಮೇಲೆ ಕೂರುವ ಬೇಸಿನ್ ಕಲಬುರಗಿಯ ಮೆಡಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ನೀರಿಗೆ ಡೆಟಾಲ್, ಸ್ಪಿರಿಟ್ ಹಾಕಬಾರದು, ಬರೀ ನೀರೇ ಸಾಕು. ಗಾಯಕ್ಕೆ ಅರಿಶಿನ, ಎಣ್ಣೆ, ಸೊಪ್ಪಿನ ರಸ, ಪೌಡರ್ ಹಚ್ಚಬೇಡಿ. ಮಧ್ಯೆ ತೂತಿರುವ ಗುಂಡನೆ ರಿಂಗ್ ದಿಂಬಿನ ಮೇಲೆ ಹೆಚ್ಚು ಹೊತ್ತು ಕೂತರೆ ಊತ ಹೆಚ್ಚುತ್ತದೆ, ಮಾಮೂಲಿ ಮೆತ್ತೆಯೇ ಸರಿ.

ನೋವಿನ ಗುಳಿಗೆಯನ್ನು ನೋವು ಬಂದಾಗಲ್ಲ, ಗಡಿಯಾರ ನೋಡಿ ಕೊಡಿ. ಪ್ಯಾರಾಸಿಟಮಾಲ್ 650 ಮಿಲಿಗ್ರಾಮಿನದು ಆರು ತಾಸಿಗೊಮ್ಮೆ ಕೊಡಬಹುದು. ಯಾವ ಲೆಕ್ಕದಲ್ಲೂ ದಿನಕ್ಕೆ 4 ಗ್ರಾಮ್ ಮೀರಬಾರದು, ನಿತ್ಯ ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ಬೆಳಗಿನ ಸಂಡಾಸಿಗೆ ಮುಂಚೆ ಒಂದು ಗುಳಿಗೆ ಬಿದ್ದಿರುವಂತೆ ಹೊತ್ತು ಹೊಂದಿಸಿದರೆ ಅರ್ಧ ಭಯ ಹೋಗುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯವನ್ನು ನಿಮ್ಮ ತಂದೆಯವರಿಗೆ ಅಂಗಡಿಯಲ್ಲಿ ಕೇಳಿ ತರಬೇಡಿ. ಶುಗರ್, ಬಿಪಿ, ಬಿಸಿಲಿನಲ್ಲಿ ನೀರು ಕಡಿಮೆ, ಇವೆಲ್ಲ ಕೂಡಿದರೆ ಕಿಡ್ನಿಗೆ ಏಟು ಬೀಳುತ್ತದೆ, ಆಸ್ಪಿರಿನ್ ಜೊತೆ ಸೇರಿ ರಕ್ತಸ್ರಾವವನ್ನೂ ಹೆಚ್ಚಿಸುತ್ತವೆ, ಸ್ಟೆಂಟ್ ಹಾಕಿದ ಹೃದಯಕ್ಕೂ ಒಳ್ಳೆಯದಲ್ಲ. ಟ್ರಮಡಾಲ್ ಇರುವ ಗುಳಿಗೆ ಕೊಟ್ಟಿದ್ದರೆ ಮಲಬದ್ಧತೆಗೆ ಅದೂ ಕಾರಣವಾಗಿರಬಹುದು, ಡಾಕ್ಟರಿಗೆ ಹೇಳಿ. ಸೋಂಕಿಗೆಂದು ಮೆಟ್ರೊನಿಡಜೋಲ್ ಗುಳಿಗೆ ಕೊಟ್ಟಿದ್ದರೆ ಮುಗಿಯುವವರೆಗೆ, ಮುಗಿದ ಮೇಲೂ ಮೂರು ದಿನ, ಹೆಂಡ-ಸಾರಾಯಿ ಮುಟ್ಟಬಾರದು. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಮೆಟ್ರೊನಿಡಜೋಲ್ ರಕ್ತವನ್ನು ಮತ್ತಷ್ಟು ತೆಳುವಾಗಿಸುತ್ತದೆ. ಸ್ಟೀರಾಯ್ಡ್ ಇರುವ ಪೈಲ್ಸ್ ಮುಲಾಮುಗಳನ್ನು ಹಳೆಯ ಡಬ್ಬಿಯಿಂದ ತೆಗೆದು ಹಚ್ಚಬೇಡಿ, ಗಾಯ ಮಾಯುವುದು ತಡವಾಗುತ್ತದೆ.

ರಕ್ತವಲ್ಲದ ಅಪಾಯಗಳು

ಗಂಡಸರಲ್ಲಿ, ಅದರಲ್ಲೂ ಐವತ್ತು ದಾಟಿದವರಲ್ಲಿ, ಮೂತ್ರ ಕಟ್ಟುವುದು ಬಹಳ ಸಾಮಾನ್ಯ. ಬೆನ್ನಿಗೆ ಕೊಟ್ಟ ಅರಿವಳಿಕೆ, ನೋವು, ಪ್ರಾಸ್ಟೇಟ್ ದಪ್ಪಗಾಗಿರುವುದು ಎಲ್ಲ ಸೇರಿ ಹೀಗಾಗುತ್ತದೆ. ಆಪರೇಷನ್ ಆಗಿ 6ರಿಂದ 8 ತಾಸಿನಲ್ಲಿ ಮೂತ್ರ ಆಗದಿದ್ದರೆ ಹೇಳಬೇಕು. ಮನೆಗೆ ಬಂದ ಮೇಲೂ ಮಲ ಕಟ್ಟಿದಾಗ ಇದು ಮರಳಬಹುದು, ಹಾಗಾಗಿ ನಿಮ್ಮ ತಂದೆಯವರನ್ನು ಈಗಲೇ ಕೇಳಿ. ಹನಿಹನಿ ಹೋಗುತ್ತಿದೆ, ಹೊಕ್ಕುಳ ಕೆಳಗೆ ಉಬ್ಬಿದೆ ಎಂದರೆ ಮೂತ್ರಕೋಶ ತುಂಬಿ ಚೆಲ್ಲುತ್ತಿದೆ ಎಂದರ್ಥ. ಬೆಚ್ಚಗಿನ ನೀರಿನಲ್ಲಿ ಕೂತಾಗ ಅಲ್ಲೇ ಮೂತ್ರ ಮಾಡಲು ಹೇಳಿ, ಎಷ್ಟೋ ಸಲ ಬಿಟ್ಟುಕೊಳ್ಳುತ್ತದೆ. ಬಾರದಿದ್ದರೆ ನಳಿಕೆ ಹಾಕಿಸಲು ಅದೇ ದಿನ ಹೋಗಿ.

ಸೋಂಕು ಅಪರೂಪ, ಬಂದರೆ ಮಾತ್ರ ತಡಮಾಡುವಂತಿಲ್ಲ. ಜ್ವರ 100.4 ಡಿಗ್ರಿ ದಾಟಿದ್ದು, ಇಳಿಯಬೇಕಿದ್ದ ನೋವು ಏರುತ್ತಿರುವುದು, ಮೂತ್ರ ಕಟ್ಟಿದ್ದು, ಈ ಮೂರು ಒಟ್ಟಿಗೆ ಬಂದರೆ ಒಳಗೆ ಕೀವು ಹರಡುತ್ತಿದೆ ಎಂದು ಎಣಿಸಿ ರಾತ್ರಿಯಾದರೂ ಹೊರಡಿ. ಗಂಟಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ, "ಸಣ್ಣ ಚಿಕಿತ್ಸೆ" ಎಂದು ಅವರೇ ಹೆಚ್ಚು ಅಸಡ್ಡೆ ಮಾಡುವುದು. ಶುಗರ್ ಇದ್ದವರಲ್ಲಿ ವೃಷಣದ ಚೀಲ, ತೊಡೆಯ ಸಂದು ಊದಿ, ಚರ್ಮ ನೇರಳೆ-ಕಪ್ಪಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ, ಒತ್ತಿದರೆ ಚರ್ಮದ ಕೆಳಗೆ ಪರಪರ ಎನ್ನುತ್ತಿದ್ದರೆ ಅದು ಗ್ಯಾಂಗ್ರೀನ್, ಅಲ್ಲಿ ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ. ಈ ಎರಡು ವಾರ ದಿನಕ್ಕೆರಡು ಸಲ ಶುಗರ್ ನೋಡಿ, 180ರ ಕೆಳಗಿರಲಿ. ಮೇಲೇ ಇದ್ದರೆ ಗುಳಿಗೆ ಬದಲಿಸಲು ಕೇಳಿ. ದಿನಕ್ಕೊಮ್ಮೆ ಮನೆಯ ಒಬ್ಬರು ಟಾರ್ಚ್ ಬೆಳಕಿನಲ್ಲಿ ಗಾಯದ ಸುತ್ತಲಿನ ಚರ್ಮ ನೋಡಬೇಕು, ನಾಚಿಕೆಯಿಂದ ಇದನ್ನು ಬಿಡಬೇಡಿ. ಹೆಣ್ಣುಮಕ್ಕಳು ಗಂಡು ಡಾಕ್ಟರಿಗೆ ತೋರಿಸಲು ಹಿಂಜರಿದರೆ ನರ್ಸಮ್ಮನ ಎದುರಿನಲ್ಲೋ ಲೇಡಿ ಡಾಕ್ಟರಿಂದಲೋ ನೋಡಿಸಿ ಎಂದು ಕೇಳುವ ಹಕ್ಕು ಅವರಿಗಿದೆ.

ಎದ್ದು ಕೂತರೆ ತಲೆನೋವು, ಮಲಗಿದರೆ ಆರಾಮ ಎಂದರೆ ಅದು ಬೆನ್ನಿನ ಅರಿವಳಿಕೆಯಿಂದ ಬಂದದ್ದು. ಹೆಚ್ಚಾಗಿ ಕೆಲವು ದಿನದಲ್ಲಿ ತಾನೇ ಹೋಗುತ್ತದೆ, ತೀರಾ ಹೆಚ್ಚಿದ್ದರೆ ಅರಿವಳಿಕೆ ತಜ್ಞರಿಗೆ ತಿಳಿಸಿ. ಸ್ಟೇಪ್ಲರ್ ಆಪರೇಷನ್ ಆದವರಿಗೆ ಮಲದಲ್ಲಿ ಸಣ್ಣ ಲೋಹದ ಪಿನ್ನು ಬಿದ್ದರೆ ಹೆದರಿಕೆಯಿಲ್ಲ. ಲೇಸರ್ ಮಾಡಿಸಿದರೆ ಏನೂ ಆಗುವುದಿಲ್ಲ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ನೋವು ಕಡಿಮೆ, ನಿಜ, ಆದರೆ ಊತ, ರಕ್ತ, ಸೋಂಕು ಅಲ್ಲೂ ಬರುತ್ತವೆ.

ಮುಂದಿನ ವಾರಗಳು

ಗಾಳಿ ತಡೆಯಲಾಗದಿರುವುದು, ಸ್ವಲ್ಪ ಲೋಳೆ ಸೋರುವುದು ಮೊದಲ ಕೆಲವು ವಾರ ಇರುತ್ತದೆ. ಎರಡು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ಮಲವೇ ಸೋರುತ್ತಿದ್ದರೆ ತೋರಿಸಿ. ಮಲ ದಿನೇ ದಿನೇ ಪೆನ್ಸಿಲ್ಲಿನಷ್ಟು ಸಣ್ಣಗಾಗುತ್ತ, ಮೆತ್ತಗಿದ್ದರೂ ಮುಕ್ಕಬೇಕಾಗುತ್ತಿದ್ದರೆ ಗುದದ್ವಾರ ಕಿರಿದಾಗುತ್ತಿದೆ. ಬೇಗ ತೋರಿಸಿದರೆ ಹಿಗ್ಗಿಸುವ ಸರಳ ಚಿಕಿತ್ಸೆಯಲ್ಲೇ ಮುಗಿಯುತ್ತದೆ, ಬಿಟ್ಟರೆ ಮತ್ತೆ ಆಪರೇಷನ್. ಆರು ವಾರದ ಹೊತ್ತಿಗೆ ಒಮ್ಮೆ ತಪ್ಪದೆ ಹೋಗಿ ಬೆರಳಿನಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಒತ್ತಾಯಿಸುವುದು ಇದೇ ಕಾರಣಕ್ಕೆ. ನೋವಿಲ್ಲವೆಂದು ಬಹಳ ಜನ ಆ ಭೇಟಿಯನ್ನೇ ಬಿಡುತ್ತಾರೆ.

ನಡೆದಾಡುವುದು ಮೊದಲ ದಿನದಿಂದಲೇ ಒಳ್ಳೆಯದು. ಬೈಕ್, ಟ್ರ್ಯಾಕ್ಟರ್ ಮೂರು ವಾರ ಬೇಡ. ತೊಗರಿ ಚೀಲ ಎತ್ತುವುದು, ರಾಶಿಯ ಕೆಲಸ ಕನಿಷ್ಠ ಒಂದು ತಿಂಗಳು ಬೇಡ. ಕೂಲಿ ಮಾಡುವವರಿಗೆ ಇದು ಭಾರವಾದ ಮಾತೆಂದು ಗೊತ್ತು. ಅದಕ್ಕೇ ತುರ್ತಿಲ್ಲದ ಆಪರೇಷನ್ನನ್ನು ರಾಶಿಯ ಹಂಗಾಮು ಮುಗಿದ ಮೇಲೆ ಇಟ್ಟುಕೊಳ್ಳುವುದು ಲೇಸು.

ಕೊನೆಗೆ, ಕತ್ತರಿಸಿ ತೆಗೆದ ಗಂಟನ್ನು ಲ್ಯಾಬ್ ಪರೀಕ್ಷೆಗೆ ಕಳಿಸಿದ್ದರೆ ಅದರ ವರದಿ ಕೇಳಿ ಪಡೆಯಿರಿ. ತಂದೆಯವರ ವಯಸ್ಸಿನವರಲ್ಲಿ ಗುದದಿಂದ ರಕ್ತ ಹೋಗುವುದೆಲ್ಲ ಪೈಲ್ಸೇ ಆಗಿರಬೇಕೆಂದಿಲ್ಲ. ಆಪರೇಷನ್‌ಗೆ ಮುಂಚೆ ದೊಡ್ಡ ಕರುಳಿನ ಒಳಗೆ ಕೊಲೊನೋಸ್ಕೋಪಿ ಮಾಡಿ ನೋಡಿದ್ದಾರೋ ಇಲ್ಲವೋ ತಿಳಿದುಕೊಳ್ಳಿ. ನೋಡಿಲ್ಲದಿದ್ದರೆ ಗಾಯ ಮಾಯ್ದ ಮೇಲೆ ಮಾಡಿಸಬೇಕೇ ಎಂದು ಆರು ವಾರದ ಭೇಟಿಯಲ್ಲಿ ಕೇಳಿ. ಗಾಯ ಪೂರ್ತಿ ಮಾಯ್ದು ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ, ಹಿಮೋಗ್ಲೋಬಿನ್ ಏರದಿದ್ದರೆ ಆ ಪರೀಕ್ಷೆಯನ್ನು ಮುಂದೂಡಬೇಡಿ. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಸ್ವಲ್ಪ ಗಟ್ಟಿಯೂ ಆಗುತ್ತದೆ. ಅದನ್ನು ಶುರು ಮಾಡುವ ದಿನವೇ ಇಸಬ್ಗೋಲ್ ಪ್ರಮಾಣ ಒಂದು ಚಮಚ ಹೆಚ್ಚಿಸಿ.